ಅತ್ತೆ ಕೂಗಿದ ಹೆಸರು

ಲಾತೂರು ಭೂಕಂಪವಾದ ವರ್ಷವೇ ನನ್ನ ಮದುವೆಯಾದದ್ದು. ಬೇಸಿಗೆಯಲ್ಲಿ ಮದುವೆ, ಗಣಪತಿ ಕಳುಹಿಸಿದ ಮರುದಿನ ಬೆಳಗಿನ ಜಾವ ಭೂಕಂಪ. ಹೀಗಾಗಿ ನಮ್ಮ ಮದುವೆಗೆ ಎಷ್ಟು ವರ್ಷವಾಯಿತು ಎಂದು ಮನೆಯಲ್ಲಿ ಯಾರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ. "ಭೂಕಂಪದ ಸೊಸಿ" ಎಂದು ನನ್ನನ್ನು ಚೇಷ್ಟೆ ಮಾಡಿದವರೂ ಇದ್ದಾರೆ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ನನ್ನ ತವರು ಬಸವಕಲ್ಯಾಣದ ಹತ್ತಿರ. ಕೊಟ್ಟದ್ದು ಗಡಿಯಾಚೆ, ನಿಲಂಗಾ ತಾಲೂಕಿಗೆ. ಕಾಸಾರಶಿರಸಿಯಲ್ಲಿ ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆದರೆ ಊರು. ನಮ್ಮದು ಜಂಗಮರ ಮನೆ. ನಮ್ಮವರು ಊರಿನ ಭಕ್ತರ ಮನೆಗಳಿಗೆ ಅಯ್ಯನವರಾಗಿ ಹೋಗಿ ಪೂಜೆ, ತೊಟ್ಟಿಲು, ಮದುವೆ ಮಾಡಿಸುತ್ತಾರೆ. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮರಾಠಿ.

ಈ ಕಡೆ ಮದುವೆಯಾದ ಹುಡುಗಿಗೆ ಹೊಸ ಹೆಸರಿಡುವ ಪದ್ಧತಿ ಇದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ನಾನು ಹುಟ್ಟಿದ್ದು ನೀಲಮ್ಮನಾಗಿ. ಅವ್ವನ ಬಾಯಲ್ಲಿ ನೀಲವ್ವ. ಆ ದಿನ ಅಕ್ಕಿಯಲ್ಲಿ 'ಸುರೇಖಾ' ಎಂದು ಬರೆದರು. ಹೆಣ್ಣುಮಕ್ಕಳೆಲ್ಲ ಚಪ್ಪಾಳೆ ತಟ್ಟಿ ನಕ್ಕರು, ನಾನೂ ನಕ್ಕೆ. ಆಗ ಅತ್ತೆ ಕಿವಿಯ ಹತ್ತಿರ ಬಂದು, "ಹಳೀ ಹೆಸರ ಇವತ್ತಿಗಿ ಮುಗೀತು. ಇನ್ನ ಮ್ಯಾಲ ನೀನೂ ಹೇಳಬ್ಯಾಡ, ನಿಮ್ಮ ತವರವರೂ ಈ ಅಂಗಳದಾಗ ಕರೀಬಾರದು. ಗಂಡನ ಆಯುಷ್ಯಕ್ಕ ಬರ್ತದ," ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಹೆಸರು ಇಟ್ಟರೇ ಹೊರತು ಆ ಹೆಸರಿನಿಂದ ನನ್ನನ್ನು ಕರೆದವರು ಮಾತ್ರ ಯಾರೂ ಇಲ್ಲ. ಅತ್ತೆಗೆ ನಾನು 'ಏ ಹುಡುಗಿ'. ನಾದಿನಿ ಕಲಾವತಿಗೆ 'ವೈನಿ'. ನೆರೆಯವರಿಗೆ 'ಸ್ವಾಮ್ಯಾರ ಸೊಸಿ'. ಊರ ಕೂಸುಗಳಿಗೆಲ್ಲ ಹೆಸರಿಡಿಸುವ ನಮ್ಮವರು ಹೆಂಡತಿಯನ್ನು ಕರೆಯುವುದು "ಏ, ಕೇಳಸ್ತದೇನ?" ಎಂದು. ಗಂಡ ಹೆಂಡತಿ ಒಬ್ಬರ ಹೆಸರೊಬ್ಬರು ಹೇಳಬಾರದಲ್ಲ! ಹೊಸ ಸೀರೆಯ ಹಾಗೆ ಆ ಹೆಸರು ಮಡಿಕೆ ಬಿಚ್ಚದೆ ಟ್ರಂಕಿನಲ್ಲೇ ಉಳಿಯಿತು.

ಭೂಕಂಪದಲ್ಲಿ ನಮ್ಮ ಊರು ಪೂರ್ತಿ ನೆಲಸಮವಾಗಲಿಲ್ಲ. ಆದರೆ ಮನೆಗಳೆಲ್ಲ ದಪ್ಪ ಕಲ್ಲಿನ ಗೋಡೆ, ಮೇಲೆ ಹೇರು ಹೇರು ಮಣ್ಣು ಹಾಕಿದ ಮಾಳಿಗೆಯವು. ನಮ್ಮ ಪಡಸಾಲೆ ಬಿತ್ತು, ಅಡಿಗೆಮನೆ ಬಿತ್ತು. ದೇವರ ಕೋಣೆಯೊಂದು ಬಿರುಕು ಬಿಟ್ಟುಕೊಂಡು ನಿಂತಿತ್ತು. ನಾವು ಹೊರಗೆ ಮಲಗಿದ್ದರಿಂದ ಬದುಕಿದೆವು. ಸೋಯಾಬೀನ್ ತೆಗೆದ ಹೊಲದಲ್ಲಿ ತಾಡಪತ್ರಿ ಕಟ್ಟಿಕೊಂಡು ಊರಿಗೆ ಊರೇ ಇಳಿಯಿತು. ಭೂಮಿ ಆಗಾಗ ಗುಡುಗುಡು ಎನ್ನುವುದು ನಿಂತಿರಲಿಲ್ಲ. ಚಹಾ ಕುದಿಯುತ್ತಿರುವಾಗ ಪಾತ್ರೆ ತಾನೇ ಅಲುಗಾಡಿದರೆ ಎಲ್ಲರೂ ಅದನ್ನೇ ನೋಡುತ್ತ ಕುಳಿತುಬಿಡುತ್ತಿದ್ದೆವು. ನನಗಂತೂ ಕಣ್ಣು ಮುಚ್ಚಲೂ ಹೆದರಿಕೆ.

ಆ ದಿನಗಳಲ್ಲಿ ಬೀದರಿನಿಂದ ಸಿಖ್ಖರ ಒಂದು ಗುಂಪು ಬಂದು ನಮ್ಮ ಊರ ಹೊರಗೆ ಲಂಗರು ಎಂಬ ತಮ್ಮ ಅನ್ನದಾಸೋಹ ನಡೆಸುತ್ತಿತ್ತು. ದೊಡ್ಡ ದೊಡ್ಡ ಹಂಡೆಗಳಲ್ಲಿ ದಾಲು, ಮಂಚದಷ್ಟು ದೊಡ್ಡ ಹಂಚಿನ ಮೇಲೆ ರೊಟ್ಟಿ. ಜಾತಿ ಕೇಳದೆ ಸಾಲಾಗಿ ಕೂರಿಸಿ ಬಡಿಸುತ್ತಿದ್ದರು. ನಮ್ಮ ಅತ್ತೆ ಮಡಿಯವರು, ಮೊದಲು ಅತ್ತ ತಲೆ ಹಾಕಲಿಲ್ಲ. ಹಸಿವು ಮಡಿ ಕೇಳುತ್ತದೆಯೇ? ಕಡೆಗೆ ಅವರೂ ಸೆರಗು ಹೊದ್ದು ಸಾಲಿನ ತುದಿಯಲ್ಲಿ ಕುಳಿತರು.

ಅಲ್ಲಿ ರೊಟ್ಟಿ ಬಡಿಯುತ್ತಿದ್ದ ದಪ್ಪನೆಯ ಹೆಂಗಸೊಬ್ಬರು ನನ್ನ ಜೊತೆ ಮಾತಿಗೆ ಬಂದರು. ನನ್ನ ಅವ್ವನ ವಯಸ್ಸು. ನಾಂದೇಡದಲ್ಲಿ ಹುಟ್ಟಿ ಬೀದರಿಗೆ ಮದುವೆಯಾಗಿ ಬಂದವರಂತೆ. ಬೀದರದ ಕನ್ನಡಕ್ಕೆ ಹಿಂದಿ ಬೆರೆಸಿ ಮಾತಾಡುತ್ತಿದ್ದರು.

"ಬೇಟಿ, ಹೆಸರ ಏನದ ನಿಂದು?"

'ನೀ' ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಪಕ್ಕದಲ್ಲಿದ್ದ ಅತ್ತೆಯನ್ನು ನೋಡಿ, "ಸುರೇಖಾ ರೀ," ಎಂದೆ.

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕರು. "ಅರೆ, ತನ್ನ ಹೆಸರ ಹೇಳ್ಲಾಕ ಇಷ್ಟ ವಿಚಾರ ಮಾಡಬೇಕಾ?"

"ಮದಿವ್ಯಾಗ ಇಟ್ಟಿದ್ದು. ಇನ್ನ ಹೊಸಾದು," ಎಂದು ಅತ್ತೆಯೇ ಉತ್ತರ ಕೊಟ್ಟರು. "ನಿಮ್ಮಲ್ಲಿ ಇಡೂದಿಲ್ಲೇನು?"

"ನಮ್ಮಲ್ಲಿ ಒಂದೇ ಸಲ ಇಡ್ತಾರ ಬಾಯಿ, ಹುಟ್ಟಿದಾಗ," ಎಂದು ಆಕೆ ಹೇಳತೊಡಗಿದರು. ಕೂಸನ್ನು ಗುರುದ್ವಾರಕ್ಕೆ ಕರೆದೊಯ್ಯುತ್ತಾರಂತೆ. ಗುರು ಗ್ರಂಥ ಸಾಹೇಬವನ್ನು ತೆರೆದು, ಆ ಪುಟದಲ್ಲಿ ಬಂದ ವಾಣಿಯನ್ನು ಓದುತ್ತಾರಂತೆ. ಅದರ ಮೊದಲ ಅಕ್ಷರ ಯಾವುದೋ ಅದರಿಂದಲೇ ಹೆಸರು. ಅವರಿಗೆ 'ಹ' ಬಂತು, ಹರಜೀತ ಎಂದಾಯಿತು. "ಗಂಡಹುಡುಗ ಆಗಿದ್ರೂ ಹರಜೀತನೇ. ಅಂವಾ ಹರಜೀತ ಸಿಂಗ್, ನಾ ಹರಜೀತ ಕೌರ್. ಹೆಣ್ಣು ಅಂದ್ರ ಕೌರ್. ರಾಣೀ ಮನೀಕಿ ಇರ್ಲಿ, ಕಸಾ ಹೊಡಿಯೋಕಿ ಇರ್ಲಿ, ಎಲ್ಲಾರೂ ಕೌರ್."

"ಹಂಗಂದ್ರ ಏನ್ರಿ?" ಎಂದೆ ನಾನು.

"ರಾಜಕುಮಾರಿ," ಎಂದು ಹಿಟ್ಟಿನ ಕೈಯಿಂದಲೇ ತಲೆಯ ಮೇಲೆ ಕಿರೀಟವಿದ್ದಂತೆ ಮಾಡಿ ತೋರಿಸಿದರು. "ಅಪ್ಪನ ಹೆಸರ ಮ್ಯಾಲ ನಿಂದ್ರಬ್ಯಾಡ, ಗಂಡನ ಹೆಸರ ಮ್ಯಾಲ ನಿಂದ್ರಬ್ಯಾಡ, ನಿನ್ನ ಕಾಲ ಮ್ಯಾಲ ನಿಂದ್ರು ಅಂತ ಗುರು ಕೊಟ್ಟಾರ. ಅದಕ್ಕ ಮದಿವಿ ಆದ್ರೂ ತೆಗಿಯೂದಿಲ್ಲ."

ಅತ್ತೆ ಸುಮ್ಮನಿರುವವರಲ್ಲ. "ಎಲ್ಲಾರೂ ಕೌರ್ ಆದ್ರ ಯಾರ ಮನೀ ಸೊಸಿ ಅಂತ ಗೊತ್ತಾಗೂದು ಹ್ಯಾಂಗ?"

"ಕೂಗಿದ್ರ ಯಾರು ತಿರುಗಿ ನೋಡ್ತಾಳೋ ಆಕೀನೇ!" ಎಂದು ಅವರು ನಕ್ಕರು. ನನಗೂ ನಗು ಬಂತು. ಅತ್ತೆ ಮಾತ್ರ ರೊಟ್ಟಿ ಮುರಿಯುತ್ತ, "ನಿಮ್ಮ ರೀತಿ ನಿಮಗ, ನಮ್ಮ ರೀತಿ ನಮಗ," ಎಂದು ಮಾತು ಮುಗಿಸಿದರು.

ಕೆಲವು ದಿನಗಳ ಮೇಲೆ ನವರಾತ್ರಿ ಬಂತು. ಘಟ ಕೂಡಿಸುವ ದಿನ ಬೆಳಗ್ಗೆ ಅತ್ತೆಯ ಹಟ ಶುರುವಾಯಿತು. ದೇವರೆಲ್ಲ ಆ ಬಿರುಕುಬಿಟ್ಟ ಕೋಣೆಯ ಗೂಡಿನಲ್ಲೇ ಇದ್ದವು. "ಊರ ಮಂದಿ ಮನ್ಯಾಗ ಘಟ ಕೂಡಸವ್ರು ನಾವು. ನಮ್ಮ ದೇವ್ರು ಅಲ್ಲಿ ಧೂಳು ತಿನ್ಲಾಕತ್ತಾವ," ಎಂದು ಮಗನಿಗೆ ಹೇಳಿದರು. ನಮ್ಮವರು, "ಯವ್ವಾ, ದೇವ್ರಿಗಿ ಏನ ಆಗೂದಿಲ್ಲ. ಆ ಗ್ವಾಡಿ ಕೆಳಗ ಹೋದವ್ರಿಗಿ ಆಗ್ತದ," ಎಂದು ಗದರಿ ಸ್ನಾನಕ್ಕೆ ಬಾವಿಗೆ ಹೋದರು. ಅವರು ಅತ್ತ ಹೋಗಿದ್ದೇ ತಡ, ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಮೊಣಕಾಲು ನೋವಿನ ಮುದುಕಿ ಆ ಕಲ್ಲುಗಳನ್ನು ದಾಟುವುದು ಹೇಗೆ? "ನೀವ್ ಕುಂದರ್ರಿ ಅತ್ತಿ. ನಾ ಒಂದೇ ಓಟದಾಗ ತರ್ತೀನಿ," ಎಂದು ನಾನೇ ಓಡಿದೆ.

ಕೋಣೆಯೊಳಗೆ ಕಾಲಿಟ್ಟೆ. ಮೇಲಿನ ತೊಲೆ ಒಂದು ಕಡೆ ಜಗ್ಗಿತ್ತು, ಸಂದಿನಿಂದ ಬಿಸಿಲು ಇಳಿಯುತ್ತಿತ್ತು. ಗೂಡಿನಿಂದ ದೇವರ ಪೆಟ್ಟಿಗೆ ತೆಗೆದು ಎದೆಗೆ ಒತ್ತಿಕೊಂಡೆ. ತಿರುಗಿ ಬಾಗಿಲ ಕಡೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ನಾಯಿಗಳು ಒಮ್ಮೆಲೇ ಊಳಿಟ್ಟವು. ಕಾಲಡಿಯಲ್ಲಿ ಖಾಲಿ ಬಂಡಿ ಓಡಿದಂತೆ ಸದ್ದು. ಬಾಗಿಲ ಚೌಕಟ್ಟು ನನ್ನ ಕಣ್ಣೆದುರೇ ಓರೆಯಾಯಿತು. ಆಮೇಲೆ ಬೆಳಕು ಹೋಯಿತು.

ಎಚ್ಚರವಾದಾಗ ಕಣ್ಣು ತೆರೆದಿದ್ದೇನೋ ಮುಚ್ಚಿದ್ದೇನೋ ತಿಳಿಯದಷ್ಟು ಕತ್ತಲು. ಬಾಯಿತುಂಬ ಮಣ್ಣು, ಅದರ ಜೊತೆ ವಿಭೂತಿಯ ರುಚಿ. ಬಲಗಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆ ಚುಚ್ಚುತ್ತಿತ್ತು, ಅದನ್ನು ಮುಟ್ಟಲು ಕೈ ಬರಲಿಲ್ಲ. ಉಸಿರು ಎಳೆದರೆ ಧೂಳು. ಸತ್ತಿದ್ದೇನೆ ಎಂದುಕೊಂಡೆ. ಇಲ್ಲ, ಹುಗಿದಿದ್ದಾರೆ ಎಂದುಕೊಂಡೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹುಗಿಯುತ್ತಾರೆ, ನಾನು ಮಲಗಿದ್ದೇನಲ್ಲ ಎಂದು ಹುಚ್ಚುಹುಚ್ಚಾಗಿ ಯೋಚನೆ ಬಂತು.

ಎಷ್ಟು ಹೊತ್ತಾಯಿತೋ, ಮೇಲಿನಿಂದ ಗಂಡಸರ ದನಿ ಕೇಳಿತು. "ಸುರೇಖಾ! ಸುರೇಖಾ ಬಾಈ! ಆವಾಜ ದ್ಯಾ!" ದನಿ ಕೊಡು ಎಂದು ಮರಾಠಿಯಲ್ಲಿ ಕೂಗುತ್ತಿದ್ದರು.

ಇದನ್ನು ಈಗ ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಆ ಕೂಗು ನನ್ನನ್ನೇ ಎಂದು ನನಗೆ ಹೊಳೆಯಲೇ ಇಲ್ಲ. ತಲೆಗೆ ಪೆಟ್ಟು ಬಿದ್ದಿತ್ತು. ಐದು ತಿಂಗಳ ಹೆಸರು ಎಲ್ಲೋ ಉದುರಿಹೋಗಿತ್ತು. ಯಾರೋ ಸುರೇಖಾ ಎನ್ನುವವಳೂ ಇಲ್ಲೇ ಸಿಕ್ಕಿಬಿದ್ದಿದ್ದಾಳೆ, ಅವಳನ್ನು ಹುಡುಕುತ್ತಿದ್ದಾರೆ ಎಂದುಕೊಂಡೆ. ಎಡಗೈ ಸ್ವಲ್ಪ ಆಡುತ್ತಿತ್ತು. ಕತ್ತಲಲ್ಲಿ ತಡವಿದರೆ ತಣ್ಣಗಿನ ಬಟ್ಟೆ ಸಿಕ್ಕಿತು, ಅದರೊಳಗೆ ಮೆತ್ತಗೆ ಏನೋ. ಸುರೇಖಾ! ಅವಳು ನನ್ನ ಪಕ್ಕದಲ್ಲೇ ಇದ್ದಾಳೆ. ಇಷ್ಟು ಕೂಗಿದರೂ ಮಾತಾಡುತ್ತಿಲ್ಲ. ಸತ್ತಿದ್ದಾಳೆ. ಕೈ ಹಿಂದೆ ಎಳೆದುಕೊಂಡು ಹಲ್ಲು ಕಚ್ಚಿ ಬಿದ್ದುಕೊಂಡೆ. ನಾನು ಉಸಿರು ಜೋರಾಗಿ ಬಿಟ್ಟರೆ ಅವಳು ಎದ್ದು ನನ್ನ ಕಡೆ ತಿರುಗುತ್ತಾಳೆ ಎನ್ನಿಸಿತು. ಕೂಗು ಮತ್ತೆ ಮತ್ತೆ ಬಂತು. ನಾನು ತುಟಿ ಬಿಚ್ಚಲಿಲ್ಲ.

ಆಗ ಹೊರಗೆ ಏನಾಗುತ್ತಿತ್ತು ಎಂಬುದನ್ನು ಕಲಾವತಿ ಆಮೇಲೆ ಹೇಳಿದಳು. ಊರವರು, ಲಂಗರಿನ ಸರದಾರರು ಎಲ್ಲ ಓಡಿಬಂದಿದ್ದರು. ಕೋಣೆಯ ಅರ್ಧ ಮಾಳಿಗೆ ಕುಸಿದಿತ್ತು, ಇನ್ನರ್ಧ ತೊಲೆಯ ಮೇಲೆ ತೂಗುತ್ತಿತ್ತು. ಅದು ಯಾವ ಗಳಿಗೆಯಲ್ಲಾದರೂ ಬೀಳಬಹುದು, ಅದರ ಕೆಳಗೆ ನಿಂತು ಅಗೆಯುವವರ ಜೀವಕ್ಕೂ ಗ್ಯಾರಂಟಿ ಇಲ್ಲ. ಒಳಗಿನವಳು ಬದುಕಿದ್ದರೆ ಕೈಯಿಂದಲೇ ಒಂದೊಂದು ಕಲ್ಲು ತೆಗೆಯಬೇಕು. ಸತ್ತಿದ್ದರೆ ತೊಲೆಗೆ ಹಗ್ಗ ಕಟ್ಟಿ, ಟ್ರ್ಯಾಕ್ಟರಿನಿಂದ ಎಳೆದು ಎಲ್ಲವನ್ನೂ ಕೆಡವಿ, ಆಮೇಲೆ ಹೆಣ ತೆಗೆಯಬೇಕು. ಕೂಗಿ ಕೂಗಿ ಸಾಕಾದ ಹಿರಿಯರು ತಲೆಯಾಡಿಸಿದರು. ಹಗ್ಗ ಕಟ್ಟಿಯೂ ಆಯಿತು. ನಮ್ಮವರು ನೆಲಕ್ಕೆ ಕುಸಿದು ಕುಳಿತಿದ್ದರು.

ಟ್ರ್ಯಾಕ್ಟರ್ ಶುರುವಾದ ಸದ್ದು ನನಗೂ ಕೇಳಿತು. ನನ್ನ ಮೇಲಿನ ಕಟ್ಟಿಗೆ ಕಿರ್ರೆಂದಿತು, ಮುಖದ ಮೇಲೆ ಮಣ್ಣು ಸುರಿಯಿತು.

ಆಗ ಹರಜೀತ ಕೌರ್ ಟ್ರ್ಯಾಕ್ಟರಿನ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತರಂತೆ. "ಠಹರೋ! ಆಕಿದು ಇನ್ನೊಂದ ಹೆಸರ ಅದ, ತವರಮನೀದು. ಅದರಿಂದ ಕೂಗ್ರಿ!"

ಎಲ್ಲರೂ ನಮ್ಮವರನ್ನು ನೋಡಿದರು. ನಮ್ಮವರು ಅತ್ತೆಯನ್ನು ನೋಡಿದರು. ಅತ್ತೆ ಮಗನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಬ್ಯಾಡ... ಆ ಹೆಸರ ಬ್ಯಾಡ," ಎಂದರಂತೆ. ನಮ್ಮವರು ಬಾಯಿ ತೆರೆದರೆ ಅವರ ಬಾಯಿಯನ್ನೇ ಮುಚ್ಚಿದರಂತೆ. ಹರಜೀತ ಕೌರ್ ಬಂದು ಅತ್ತೆಯ ಭುಜ ಹಿಡಿದು ಅಲುಗಾಡಿಸಿ, "ಬಾಯಿ, ಒಳಗ ನಿನ್ನ ಕೂಸ ಅದ. ತಾಯಿ ಕರದಂಗ ಕರಿ!" ಎಂದರು. ಅತ್ತೆ ಒಮ್ಮೆ ಮಗನ ಮುಖ ನೋಡಿದರು, ಒಮ್ಮೆ ಆ ಮಣ್ಣಿನ ಗುಡ್ಡೆ ನೋಡಿದರು. ಆಮೇಲೆ ಮಗನ ಕೈ ಬಿಟ್ಟು, ಕಲ್ಲುಗಳ ಮೇಲೆ ಮೊಣಕಾಲೂರಿ ಹತ್ತಿದರು.

"ನೀಲವ್ವಾ! ಯವ್ವಾ ನೀಲವ್ವಾ!"

ನನ್ನ ಅವ್ವನೇ ಬಂದಳು ಎಂದುಕೊಂಡೆ ನಾನು. ಮಣ್ಣು ಉಗುಳಿ, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಚೀರಿದೆ. "ಯವ್ವಾ! ನಾ ಇಲ್ಲೇ ಅದೀನಿ! ಲಗೂ ಬಾ, ನನ್ನ ಬಾಜೂಕ ಹೆಣ ಅದ!"

ಟ್ರ್ಯಾಕ್ಟರ್ ನಿಂತಿತು. ತೂಗುವ ಮಾಳಿಗೆಗೆ ಕಂಬ ಕೊಟ್ಟು, ಸರದಾರರೂ ಊರವರೂ ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಅತ್ತೆ ಒಂದು ಗಳಿಗೆಯೂ ಬಾಯಿ ಮುಚ್ಚಲಿಲ್ಲ. ನೀಲವ್ವಾ, ನೀಲವ್ವಾ ಎನ್ನುತ್ತಲೇ ಇದ್ದರು, ನಾನು ಓ ಎನ್ನುತ್ತಲೇ ಇದ್ದೆ. ಓಗೊಡುವುದು ತಡವಾದರೆ ಅವರ ದನಿ ಒಡೆಯುತ್ತಿತ್ತು. ಹೊರಗೆ ತೆಗೆದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಯಾರದೋ ದಪ್ಪ ಕೈ ನನ್ನ ಮುಖ ಒರೆಸಿತು, ಆ ಕೈಗೆ ರೊಟ್ಟಿ ಹಿಟ್ಟಿನ ವಾಸನೆ ಇತ್ತು. ನನ್ನ ಪಕ್ಕದಲ್ಲಿದ್ದ 'ಸುರೇಖಾ' ಏನೆಂದರೆ ಪೂಜೆಯ ಮಡಿವಸ್ತ್ರದಲ್ಲಿ ಸುತ್ತಿಟ್ಟಿದ್ದ ಹತ್ತಿಯ ಗಂಟು.

ನಿಲಂಗಾದ ದವಾಖಾನೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ತಿರುಗಿ ಬಂದಾಗ ಸರಕಾರದವರು ಹಾಕಿದ ತಗಡಿನ ಶೆಡ್ಡಿಗೆ ನಮ್ಮವರು ಸಾಮಾನು ಸಾಗಿಸಿದ್ದರು. ನನಗೆ ಕತ್ತಲೆಂದರೆ ಹೆದರಿಕೆ. ಅತ್ತೆಗೆ ಮಗನ ಹೆದರಿಕೆ. ನಮ್ಮವರು ಕೆಮ್ಮಿದರೆ ಅತ್ತೆ ಎದ್ದು ಕೂರುವರು, ಸಂತೆಗೆ ಹೋದವರು ತಡವಾದರೆ ಬಾಗಿಲಲ್ಲಿ ನಿಂತು ಬಿಡುವರು. ನನ್ನ ಮುಖ ನೋಡಿದರೆ ಪ್ರೀತಿ, ಮಗನ ಮುಖ ನೋಡಿದರೆ ಭಯ. ನನ್ನನ್ನು ಬದುಕಿಸಿಕೊಂಡದ್ದಕ್ಕೆ ಏನು ಕಳೆದುಕೊಳ್ಳಬೇಕಾಗುತ್ತದೋ ಎಂದು ಆ ಜೀವ ಒಳಗೊಳಗೇ ಬೇಯುತ್ತಿತ್ತು. ನಿಜ ಹೇಳುತ್ತೇನೆ, ಅವರನ್ನು ನೋಡಿ ನೋಡಿ ನನಗೂ ಭಯ ಹತ್ತಿತು. ನಮ್ಮವರು ಮಲಗಿದ್ದಾಗ ಮೂಗಿನ ಹತ್ತಿರ ಕೈ ಹಿಡಿದು ನೋಡಿದ್ದೂ ಉಂಟು.

ಲಂಗರಿನವರು ಬೀದರಿಗೆ ಹೊರಡುವ ಮುಂಚೆ ಹರಜೀತ ಕೌರ್ ನನ್ನನ್ನು ನೋಡಲು ಬಂದರು. ಅತ್ತೆ ಅವರ ಕೈ ಹಿಡಿದು ಕೇಳಿಯೇಬಿಟ್ಟರು. "ನೀವ್ ಕೂಗು ಅಂದ್ರಿ, ಕೂಗಿದೆ. ನನ್ನ ಮಗಗ ಏನರೆ ಆದ್ರ?"

ಅವರು ಶೆಡ್ಡಿನ ಬಾಗಿಲಿಗೆ ಅತ್ತೆಯನ್ನು ಎಳೆದುಕೊಂಡು ಹೋದರು. ಹೊರಗೆ ಬಿಳಿ ಗಡ್ಡದ ಸರದಾರರೊಬ್ಬರು ದೊಡ್ಡ ಹಂಡೆಯೊಂದನ್ನು ಒಬ್ಬರೇ ಎತ್ತಿ ಲಾರಿಗೆ ಹಾಕುತ್ತಿದ್ದರು. "ನೋಡು, ಅಂವನೇ ನನ್ನ ಗಂಡ. ಹುಟ್ಟಿದಾಗಿಂದ ನನಗ ಅದೇ ಹೆಸರ ಅದ, ಒಂದ ದಿನ ಬಿಟ್ಟಿಲ್ಲ. ಏನ ಆಗ್ಯಾದ ಅಂವಗ? ಹಂಡೇದಾಗಿನ ದಾಲ್ ಎಲ್ಲಾ ಅಂವನೇ ತಿಂದಾನ!"

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಭೂಕಂಪವಾದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಲಾರಿ ಹೋದ ಮೇಲೆ ಒಂದು ಮಧ್ಯಾಹ್ನ, ನಾವಿಬ್ಬರೇ ಇದ್ದಾಗ, ಭೂಮಿ ಮತ್ತೆ ಅಲುಗಾಡಿತು. ತಗಡು ಗಡಗಡ ಎಂದಿತು. ಪ್ಲಾಸ್ಟರಿನ ಕಾಲಿನಿಂದ ನನಗೆ ಎದ್ದು ಓಡಲಾಗಲಿಲ್ಲ. ಅತ್ತೆ ಹೊರಗೆ ಓಡದೆ ನನ್ನನ್ನು ತಬ್ಬಿಕೊಂಡು ಕುಳಿತರು. ಎಲ್ಲ ನಿಂತ ಮೇಲೂ ಕೈ ಬಿಡಲಿಲ್ಲ.

"ನಮ್ಮವ್ವ ಒಮ್ಮಿ ನನ್ನ ನೋಡ್ಲಾಕ ಬಂದಿದ್ಳು," ಎಂದು ಮೆಲ್ಲಗೆ ಹೇಳಿದರು. "ಅಂಗಳದಾಗ ನಿಂತು ಹಳೀ ಹೆಸರಿಂದ ಕರದ್ಳು. ಅದೇ ವರ್ಷ ನಿಮ್ಮ ಮಾವ ತೀರಿಕೊಂಡ್ರು. ಎಲ್ಲಾರೂ ಹೆಸರಿನ ಮ್ಯಾಲೇ ಹಾಕಿದ್ರು. ಆಮ್ಯಾಲ ಅವ್ವಗ ನಮ್ಮ ಮನಿ ಮೆಟ್ಟಲಾ ಹತ್ತಗೊಡಲಿಲ್ಲ. ಸತ್ತಾಗ ಮಾರಿ ನೋಡ್ಲಾಕ ಸುದ್ದಾ ನಾ ಹೋಗಲಿಲ್ಲ."

ನಾನು ಅವರ ಕೈ ಸವರುತ್ತಿದ್ದೆ.

"ನಿನಗ ಕರೀಲಾಕ ನಾ ಇದ್ದೆ, ಹುಡುಗಿ. ಆ ದಿನ ಒಳಗ ನಾ ಹೋಗಿದ್ರ? ನನ್ನ ಹೆಸರ ಗೊತ್ತಿದ್ದವ್ರು ಒಬ್ಬರೂ ಉಳಿದಿಲ್ಲ." ಅವರು ನನ್ನ ಕಿವಿಗೆ ಬಾಯಿ ತಂದು ಒಂದು ಹೆಸರು ಹೇಳಿದರು. ಆ ಹೆಸರು ಹೇಳುವಾಗ ಅವರ ದನಿ ಚಿಕ್ಕ ಹುಡುಗಿಯದಾಗಿತ್ತು. "ಮತ್ತ ಭೂಮಿ ನಡುಗಿದ್ರ ಹಂಗ ಕೂಗು. ನಾ ಓ ಅಂತೀನಿ."

ಅತ್ತೆ ಈಗಿಲ್ಲ. ತುಂಬು ಆಯುಷ್ಯ ಮುಗಿಸಿ ಹೋದರು. ನಮ್ಮವರು ದೇವರ ದಯೆಯಿಂದ ಗಟ್ಟಿಯಾಗಿದ್ದಾರೆ, ಈಗ ನನ್ನನ್ನು ನೀಲಾ ಎಂದೇ ಕರೆಯುತ್ತಾರೆ. ಮಗಳ ಮದುವೆಯಲ್ಲಿ ಅಕ್ಕಿಯ ತಾಟು ತಂದಾಗ ಅಳಿಯನ ಕೈಯಿಂದ ಅವಳದೇ ಹೆಸರು ಬರೆಸಿದೆವು. ಆದರೂ ಮನೆಯ ಮುಂದೆ ಭಾರದ ಲಾರಿ ಹೋಗಿ ಪಾತ್ರೆ ಅಲುಗಿದರೆ ಇಂದಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಆಗ ನೆನಪಾಗುವುದು ನನ್ನ ಜೀವವಲ್ಲ, ಅತ್ತೆಯ ಹೆಸರು. ದಾಖಲೆಗಳಲ್ಲೆಲ್ಲ ಅವರು ಸರಸ್ವತಿಬಾಯಿ. ಅವರಿಗೆ ಹುಟ್ಟಿದಾಗ ಇಟ್ಟ ಹೆಸರು ಗೊತ್ತಿರುವವಳು ಭೂಮಿಯ ಮೇಲೆ ನಾನೊಬ್ಬಳೇ. ನನಗೂ ವಯಸ್ಸಾಯಿತು, ನಾಳೆ ನನಗೇನಾದರೂ ಆದರೆ ಆಕೆಯನ್ನು ಕರೆಯುವವರು ಯಾರು ಎಂಬ ಭಯಕ್ಕೇ ಇದನ್ನೆಲ್ಲ ಬರೆದಿದ್ದೇನೆ. ಓದಿದವರು ಒಮ್ಮೆ ಬಾಯಿಬಿಟ್ಟು ಹೇಳಿ: ಆಕೆಯ ಹೆಸರು ನಿಂಬೆವ್ವ.